ಒಂದು ಕಿವಿ, ಆರು ಸ್ಪೀಕರು

ಟಿವಿಯ ಮುಖವನ್ನು ಎಲ್ಲರೂ ನೋಡುತ್ತಾರೆ. ಬೆನ್ನು ನೋಡುವವರು ನನ್ನಂಥ ಕೆಲವರು ಮಾತ್ರ. ಹಳೆಯ ಟಿವಿಯ ಬೆನ್ನು ಊರ ಮುಂದಿನ ಅರಳಿಕಟ್ಟೆಯ ಹಾಗಿತ್ತು. ಕೆಂಪು, ಬಿಳಿ, ಹಳದಿ ತೂತುಗಳು ಸಾಲಾಗಿ ಕುಳಿತು, ಯಾವ ವೈರು ಬಂದರೂ ‘ಬಾ, ಕೂತ್ಕೊ’ ಎನ್ನುತ್ತಿದ್ದವು. ಹೋದ ವರ್ಷ ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದ ಹೊಸ ಟಿವಿಯ ಬೆನ್ನಿನಲ್ಲಿ ಆ ಸೌಜನ್ಯವೇ ಇಲ್ಲ. ಬೋಳಿಸಿದ ತಲೆಯ ಹಾಗೆ ನುಣುಪು. ಒಂದು ಮೂಲೆಯಲ್ಲಿ ಚಪ್ಪಟೆ ಬಾಯಿಯ ಎರಡು ತೂತು, ಇಯರ್‌ಫೋನ್ ಚುಚ್ಚುವುದಕ್ಕೆ ಸೂಜಿಯ ಕಣ್ಣಿನಂಥ ಇನ್ನೊಂದು. ಅಷ್ಟೇ.

ಟಿವಿಯ ಜೊತೆಗೆ ಅಂಗೈಯಗಲದ ಒಂದು ಕರಿಯ ಡಬ್ಬಿ ಬಂದಿತ್ತು. ಅದರ ಹೆಸರು ಮೀಡಿಯಾ ಪ್ಲೇಯರ್. ಇಂಟರ್‌ನೆಟ್ಟಿನಿಂದಲೋ ಪೆನ್‌ಡ್ರೈವಿನಿಂದಲೋ ಸಿನಿಮಾ ತೆಗೆದು ಟಿವಿಗೆ ಉಣಿಸುವುದು ಅದರ ಕೆಲಸ. ಅದಕ್ಕೂ ಅದೇ ಚಪ್ಪಟೆ ಬಾಯಿ. ನನ್ನ ಬಳಿ ಇದ್ದದ್ದು ಹಳೆಯ ಕಾಲದ ಆರು ಸ್ಪೀಕರುಗಳು: ಐದು ಸಣ್ಣವು, ಅವಕ್ಕೆ ಯಜಮಾನನ ಹಾಗೆ ನೆಲದ ಮೇಲೆ ಕೂರುವ ಒಂದು ದೊಡ್ಡ ಪೆಟ್ಟಿಗೆ. ಅವುಗಳ ವೈರುಗಳ ತುದಿಗೆಲ್ಲ ಕೆಂಪು, ಬಿಳಿ ಬಣ್ಣದ ದುಂಡು ಪಿನ್ನುಗಳು. ದುಂಡು ಪಿನ್ನು ಚಪ್ಪಟೆ ಬಾಯಿಗೆ ಹೋಗುವುದು ಹೇಗೆ?

“ಓಗಾಕಿಲ್ಲ ಅಂದ್ರೆ ಓಗಾಕಿಲ್ಲ. ಗುಜ್ರಿಗಾಕ್ಬುಡು,” ಎಂದರು ನಮ್ಮ ಯಜಮಾನರು.

ನಮ್ಮವರದು ತೆಂಗಿನಕಾಯಿ ಮಂಡಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ನೀರಿನ ಸದ್ದಿನಲ್ಲೇ ಅದರ ವಯಸ್ಸು, ಗುಣ ಹೇಳಬಲ್ಲವರು. ಅಂಥ ಕಿವಿಯುಳ್ಳವರಿಗೆ ನನ್ನ ಸ್ಪೀಕರು ಮಾತ್ರ ಯಾವತ್ತೂ ಕೇಳಿಸಿದ್ದಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈ ಕೆಂಪು-ಬಿಳಿ ಪಿನ್ನನ್ನೂ ಆ ಚಪ್ಪಟೆ ಬಾಯನ್ನೂ ಕೈಯಲ್ಲಿ ಹಿಡಿದು ಕುಳಿತಾಗ ನನಗೆ ಮೊದಲು ನೆನಪಾದದ್ದು ಅರಿಸಮಾಸ. ಸಂಸ್ಕೃತದ ಪದಕ್ಕೆ ಕನ್ನಡದ ಪದ ಸೇರಿಸಿದರೆ ಅದು ಅರಿಸಮಾಸ, ಅಂದರೆ ಶತ್ರುಗಳ ಮದುವೆ, ಅದು ದೋಷ ಎಂದು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ. ಆದರೆ ‘ಮಳೆಗಾಲ’ ಎಂಬ ಮಾತೇ ಅರಿಸಮಾಸ. ಅದು ದೋಷ ಎಂದು ಮಳೆ ನಿಂತಿದೆಯೆ? ನುಗ್ಗೇಹಳ್ಳಿಯ ನಮ್ಮಪ್ಪನ ಹೊಲದಲ್ಲಿ ರಾಗಿ ಹುಟ್ಟದೆ ಉಳಿದಿದೆಯೆ? ವ್ಯಾಕರಣವೇ ಸೋತ ಮೇಲೆ ಈ ಡಬ್ಬಿಯ ಹಟ ಎಷ್ಟು ದಿನ, ನೋಡೇಬಿಡೋಣ ಎಂದುಕೊಂಡೆ.

ಆ ಸ್ಪೀಕರುಗಳ ಮೇಲೆ ನನಗೇಕೆ ಅಷ್ಟು ಮೋಹ ಎಂದು ನೀವು ಕೇಳಬಹುದು. ಕೇಳಿ, ನನಗೆ ಹೇಳುವುದಕ್ಕೆ ಇಷ್ಟ.

ನಾನು ಅರಕಲಗೂಡಿನಲ್ಲಿ ಕೆಲಸದಲ್ಲಿದ್ದಾಗ ಕೊಂಡದ್ದು ಅವು. ಅಲ್ಲಿಯವರೆಗೆ ನನ್ನ ಸಂಬಳದಲ್ಲಿ ಕೊಂಡದ್ದೆಲ್ಲ ಮನೆಗೆ: ಗ್ರೈಂಡರು, ಬೀರು, ಮಗಳ ಸೈಕಲ್ಲು. ಒಂದು ಸಲ ಹಾಸನಕ್ಕೆ ಉತ್ತರಪತ್ರಿಕೆ ತಿದ್ದಲು ಹೋದವಳು, ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಒಳಗೆ ಯಾವುದೋ ಸಿನಿಮಾ ಹಾಕಿದ್ದರು. ಹಕ್ಕಿಯೊಂದು ನನ್ನ ಬೆನ್ನ ಹಿಂದಿನಿಂದ ಹಾರಿ, ತಲೆಯ ಮೇಲೆ ಹಾದು, ಎದುರಿನ ಪರದೆಯೊಳಕ್ಕೆ ಹೋಯಿತು. ನಾನು ನಿಜಕ್ಕೂ ತಲೆ ತಗ್ಗಿಸಿದೆ. ಅಂಗಡಿಯವನು ನಕ್ಕ. ತಗ್ಗಿಸಿದ ತಲೆಯನ್ನು ಎತ್ತುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

ಅವನ್ನು ಬಸ್ಸಿನಲ್ಲೇ ತಂದೆ. ಸಣ್ಣವು ಸೀಟಿನ ಕೆಳಗೆ, ದೊಡ್ಡದು ತೊಡೆಯ ಮೇಲೆ. ಕಂಡಕ್ಟರು ಬಂದು, “ಏನ್ ಮೇಡಂ ಅದು, ಜೇನು ಪೆಟ್ಗೆನಾ? ಎದ್ದು ಕಚ್ಚಾಕಿಲ್ಲ ತಾನೆ?” ಎಂದ. ಮುಂದೆ ಹೊಳೆನರಸೀಪುರಕ್ಕೆ ವರ್ಗವಾದಾಗ ಅವೂ ಬಂದವು. ಚನ್ನರಾಯಪಟ್ಟಣಕ್ಕೆ ವರ್ಗವಾದಾಗಲೂ ಬಂದವು. ಸಾಮಾನು ಸಾಗಿಸುವಾಗ ಬೀರು ಡೊಂಕಾಯಿತು, ಗ್ರೈಂಡರಿನ ಕಲ್ಲು ಸೀಳಿತು. ಸ್ಪೀಕರುಗಳನ್ನು ಮಾತ್ರ ನನ್ನ ಹಳೆಯ ಸೀರೆಗಳಲ್ಲಿ ಸುತ್ತಿ, ಡ್ರೈವರಿನ ಪಕ್ಕ ನಾನೇ ಇಟ್ಟುಕೊಂಡು ಕೂರುತ್ತಿದ್ದೆ.

ಇದರ ಬೇರು ಇನ್ನೂ ಆಳದಲ್ಲಿದೆ. ನುಗ್ಗೇಹಳ್ಳಿಯ ಮನೆಯಲ್ಲಿ ಒಂದು ರೇಡಿಯೊ ಇತ್ತು, ಅದಕ್ಕೆ ಕಸೂತಿ ಹಾಕಿದ ಬಟ್ಟೆಯ ಮುಸುಕು. ಕಸೂತಿ ಹಾಕಿದ್ದು ನಮ್ಮವ್ವ; ಮುಸುಕು ತೆಗೆಯುವ ಹಕ್ಕು ಅಪ್ಪನದು. ಹೆಣ್ಣುಮಕ್ಕಳು ತಿರುಪು ಮುಟ್ಟುವಂತಿರಲಿಲ್ಲ. “ನೀವು ಮುಟ್ಟುದ್ರೆ ಟೇಸನ್ನು ಓಡೋಯ್ತದೆ,” ಎನ್ನುತ್ತಿದ್ದರು ಅಪ್ಪ. ನಾನು ತುಂಬಾ ದಿನ ನಂಬಿದ್ದೆ. ಸ್ಟೇಷನ್ ಎಂಬುದು ಕೋಳಿಯಂಥದ್ದೇನೋ, ಗಂಡಸರು ಹಿಡಿದರೆ ಸುಮ್ಮನಿರುತ್ತದೆ, ನಾವು ಹಿಡಿದರೆ ಬೇಲಿ ಹಾರುತ್ತದೆ ಎಂದು. ಸದ್ದನ್ನು ನಮ್ಮಿಷ್ಟದಂತೆ ಆಡಿಸುವುದಕ್ಕೆ ನಮಗಿದ್ದ ಜಾಗವೆಂದರೆ ದೇವಸ್ಥಾನ. ಅರ್ಚಕರು ಮಂಗಳಾರತಿ ಮುಗಿಸಿ ಆಚೆ ಹೋದಮೇಲೆ ಕಂಬಗಳ ನಡುವೆ ನಿಂತು ‘ಕೂ’ ಎಂದು ಕೂಗುತ್ತಿದ್ದೆವು. ಕಲ್ಲು ತಿರುಗಿ ಕೂಗುತ್ತಿತ್ತು, ಮೂಲೆಮೂಲೆಯಿಂದ, ಮಾಡಿನಿಂದ, ಬೆನ್ನ ಹಿಂದಿನಿಂದ. ಯಾರು ಮೊದಲು ಕೂಗಿದ್ದು, ಯಾರು ಉತ್ತರ ಕೊಟ್ಟದ್ದು ತಿಳಿಯುತ್ತಿರಲಿಲ್ಲ. ಸದ್ದಿನ ಮಧ್ಯದಲ್ಲಿ ನಿಲ್ಲುವ ರುಚಿ ಹತ್ತಿದ್ದು ನನಗೆ ಅಲ್ಲಿ.

ಇನ್ನು ಕಿವಿಯ ಕಥೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಗಿವಿಯಲ್ಲಿ ಗುಯ್ ಎಂದಿತು. ಮುಖ ತೊಳೆದು ಬರುವಷ್ಟರಲ್ಲಿ ಆ ಗುಯ್ಯೂ ಇಲ್ಲ, ಬೇರೇನೂ ಇಲ್ಲ. ಹಾಸನದ ಡಾಕ್ಟರು ನರದ ತೊಂದರೆ ಎಂದರು, ಔಷಧಿ ಕೊಟ್ಟರು, ಕೊನೆಗೆ, “ಇನ್ನೊಂದು ಚೆನ್ನಾಗಿದೆಯಲ್ಲ ಮೇಡಂ,” ಎಂದು ಸಮಾಧಾನ ಹೇಳಿದರು. ಬಂದ ನೆಂಟರೆಲ್ಲ ಅದನ್ನೇ ಹೇಳಿದರು. ದೇವರು ಎರಡು ಕೊಟ್ಟಿರುವುದೇ ಅದಕ್ಕೆ ಎಂಬಂತೆ.

ಒಂದು ಕಿವಿ ಹೋದರೆ ಸದ್ದು ಅರ್ಧ ಆಗುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಸದ್ದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹೋಗುವುದು ದಿಕ್ಕು. ಮೊಬೈಲು ಹೊಡೆದುಕೊಳ್ಳುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ. ದಿಂಬು ಎತ್ತಿ, ಅಕ್ಕಿ ಡಬ್ಬ ತೆಗೆದು, ಹಿತ್ತಲಿಗೂ ಹೋಗಿ ಬಂದು ನೋಡಿದರೆ ಅದು ಸೊಂಟದಲ್ಲೇ ಇರುತ್ತದೆ. ರಸ್ತೆಯಲ್ಲಿ ಯಾರಾದರೂ ‘ಟೀಚರ್’ ಎಂದು ಕೂಗಿದರೆ ಬುಗುರಿಯ ಹಾಗೆ ಒಂದು ಸುತ್ತು ತಿರುಗಿ, ಎದುರಿಗೆ ಸಿಕ್ಕವರಿಗೆಲ್ಲ ನಗುತ್ತೇನೆ. ಇದರಿಂದ ಊರಲ್ಲಿ ನನಗೆ ಒಳ್ಳೆಯವಳೆಂಬ ಹೆಸರು ಬಂದಿದೆ.

ಅದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಬೇರೆ. ಕಿವಿ ಹೋದ ಮೇಲೆ ಮನೆಯಲ್ಲಿ ನನ್ನ ಪರವಾಗಿ ಬೇರೆಯವರು ಉತ್ತರ ಹೇಳತೊಡಗಿದರು. ಬಂದವರು, “ಮೇಡಂ ಏನಂತಾರೆ?” ಎಂದು ಕೇಳಿದರೆ, “ಅವ್ಳಿಗೆ ಕೇಳಾಕಿಲ್ಲ, ಬುಡಿ,” ಎಂದು ನಮ್ಮವರು ಮಾತು ಮುಂದುವರಿಸುತ್ತಿದ್ದರು. ನನಗೆ ಎಲ್ಲವೂ ಕೇಳಿಸುತ್ತಿತ್ತು. ‘ಕೇಳಾಕಿಲ್ಲ’ ಎಂದದ್ದು ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು.

ಹೀಗಿರುವಾಗ ಬಂದದ್ದು ಹೊಸ ಟಿವಿ, ಕರಿಯ ಡಬ್ಬಿ, ಸ್ಪೀಕರಿನ ಪ್ರಶ್ನೆ. “ಅಲ್ಲ ಕಣೆ ಸುಮಿತ್ರ, ಇರೋ ಒಂದ್ ಕಿವಿಗೆ ಆರ್ ಸ್ಪೀಕರ್ ಯಾಕೆ?” ಎಂದರು ನಮ್ಮವರು, ಮಂಡಿಯ ಇಬ್ಬರು ಸ್ನೇಹಿತರ ಮುಂದೆ. ಅವರಿಬ್ಬರೂ ಕಾಫಿ ಲೋಟ ಹಿಡಿದು ನಕ್ಕರು.

“ಇರೋ ಒಂದು ಬಾಯಿಗೆ ಮೂವತ್ತೆರಡು ಹಲ್ಲು ಯಾಕ್ರೀ?” ಎಂದೆ ನಾನು.

ಸ್ನೇಹಿತರು ಇನ್ನೂ ಜೋರಾಗಿ ನಕ್ಕರು. ನಮ್ಮವರು ನಗಲಿಲ್ಲ. “ಇರ್ಲಿ, ಮುಂದಿನ್ ಭಾನ್ವಾರ ಗುಜ್ರಿಯವನ್ನ ಬರಾಕೇಳ್ತೀನಿ. ಅಷ್ಟ್ರೊಳಗೆ ಅವು ಬಾಯ್ ಬುಟ್ರೆ ಸರಿ, ಇಲ್ದಿದ್ರೆ ಹಾಲ್ ಖಾಲಿಯಾಗ್ಬೇಕು,” ಎಂದರು. ನಾನು ಆಗಲಿ ಎಂದೆ. ಆ ಗಳಿಗೆಯಲ್ಲಿ ಅದು ಬರೀ ಸ್ಪೀಕರಿನ ಮಾತಾಗಿರಲಿಲ್ಲ. ಮನೆಯಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಎನ್ನುವುದರಲ್ಲಿ ನನ್ನದೂ ಒಂದು ಮಾತು ಇದೆಯೋ ಇಲ್ಲವೋ ಎಂಬುದು.

ಮರುದಿನ ಅರಕಲಗೂಡಿನ ಅಕ್ಕಯ್ಯ ಬಂದರು. ನಮ್ಮವರ ಅಕ್ಕ. ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಪಥ್ಯಕ್ಕೆಂದು ನಮ್ಮ ಮನೆಗೆ. ಒಂದು ಕಣ್ಣು ಆಗಿತ್ತು, ಇನ್ನೊಂದರಲ್ಲಿ ಪೊರೆ ಹಾಗೇ ಇತ್ತು. ಟಿವಿ ನೋಡಬಾರದು, ಬಗ್ಗಬಾರದು, ಒಲೆಯ ಹತ್ತಿರ ಹೋಗಬಾರದು. ಹೊಲ, ಹಸು, ತೋಟ ಎಂದು ಒಂದು ದಿನ ಕೂರದ ಹೆಂಗಸು ಕರಿಯ ಕನ್ನಡಕ ಹಾಕಿಕೊಂಡು ಹಾಲಿನ ಮಧ್ಯದ ಕುರ್ಚಿಯಲ್ಲಿ ಕೂತು, “ಒಳ್ಳೆ ಜೈಲಾಯ್ತಲ್ಲವ್ವ,” ಎಂದು ಉಸಿರು ಬಿಟ್ಟರು. ನಮ್ಮವರಿಗೆ ಅವರೆಂದರೆ ಇವತ್ತಿಗೂ ಹೆದರಿಕೆ. ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ್ದೂ ಬೆನ್ನಿಗೆ ಬಾರಿಸಿದ್ದೂ ಅವರೇ.

ನನ್ನ ಮೊದಲ ಪ್ರಯತ್ನ ಸುಲಭದ್ದು. ಟಿವಿಯ ಇಯರ್‌ಫೋನ್ ತೂತಿಗೆ ಒಂದು ವೈರು ಚುಚ್ಚಿ, ಅದರ ಕೆಂಪು-ಬಿಳಿ ತುದಿಗಳನ್ನು ದೊಡ್ಡ ಪೆಟ್ಟಿಗೆಯ ಹಿಂದೆ ಸಿಕ್ಕಿಸಿದೆ. ಮುಂದಿನ ಎರಡು ಸ್ಪೀಕರು ಮಾತಾಡಿದವು, ದೊಡ್ಡ ಪೆಟ್ಟಿಗೆಯೂ ಸ್ವಲ್ಪ ಗುಮ್ಮೆಂದಿತು. ಹಿಂದಿನವೆರಡು, ಮಧ್ಯದ್ದು ಮಾತ್ರ ಪೂರ್ತಿ ಮೌನ.

“ಬಂತಲ್ಲ! ಇನ್ನೇನು?” ಎಂದರು ನಮ್ಮವರು.

“ಎರಡೇ ಬಂದಿರೋದು.”

“ಸಬ್ದ ಬತ್ತೈತೋ ಇಲ್ವೋ? ಬತ್ತೈತೆ. ಸಾಕಪ್ಪ.”

‘ಸಾಕು’ ಎಂಬ ಪದವನ್ನು ನಾನು ನಿಘಂಟಿನಿಂದಲೇ ತೆಗೆದುಹಾಕಬೇಕು ಎಂದಿದ್ದೇನೆ. ಇನ್ನೊಬ್ಬರ ಪಾಲಿನದರ ಬಗ್ಗೆ ಹೇಳುವಾಗ ಅದರಷ್ಟು ಸುಲಭದ ಮಾತಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಹಾಸನಕ್ಕೆ ಹೋದೆ. ಶಾಂತಿಗ್ರಾಮದವರೆಗೂ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಎಡಗಿವಿಗೆ ತನ್ನ ಹಸುವಿನ ಕಥೆ ಹೇಳಿದಳು. ನಾನು ತಲೆದೂಗಿದೆ. ಇಳಿಯುವಾಗ ಅವಳು, “ನಿಮ್ಮಂಗೆ ಕೇಳೋರು ಯಾರವ್ರೆ ಈಗ,” ಎಂದದ್ದು ಬಲಗಿವಿಗೆ ಬಿತ್ತು.

ಅಂಗಡಿಯಲ್ಲಿ ಕಾಲರ್ ಇಸ್ತ್ರಿ ಮಾಡಿದ ಶರಟಿನವನೊಬ್ಬ ನನ್ನ ಮಾತು ಮುಗಿಯುವ ಮೊದಲೇ, “ಆಂಟಿ, ಅದೆಲ್ಲಾ ಹಳೇದು. ಯಾರೂ ಇಟ್ಕೊಳಲ್ಲ. ಉದ್ದಕ್ಕೆ ಒಂದು ಪಟ್ಟಿ ಬರುತ್ತೆ, ಟಿವಿ ಕೆಳಗೆ ಇಟ್ರೆ ಆಯ್ತು,” ಎಂದ.

“ನನ್ನ ಬೆನ್ನ ಹಿಂದೆ ಸದ್ದು ಬರುತ್ತಾ ಅದರಲ್ಲಿ?”

“ಬಂದಂಗೆ ಅನ್ಸುತ್ತೆ ಆಂಟಿ.”

“ಅನ್ಸೋದು ಬೇಡಪ್ಪ, ಬರಬೇಕು.”

ಅವನು ತಲೆ ಕೆರೆದು, ಒಂದಕ್ಕೆ ಮೂರು ಕವಲಿರುವ ವೈರು ತೋರಿಸಿದ. “ಇದು ಹಾಕಿ, ಆರೂ ಮಾತಾಡ್ತವೆ.” ನಾನು ಅಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ಓದಿ ತಿಳಿದಿದ್ದೆ: ಆ ಕವಲಿನಿಂದ ಆರೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುತ್ತದೆ. ಆರು ಜನ ಆರು ಮಾತಾಡಿದರೆ ಅದು ಊರು. ಆರು ಜನ ಒಂದೇ ಮಾತು ಕೂಗಿದರೆ ಅದು ಘೋಷಣೆ. ಬೇಡ ಎಂದೆ. ನನಗೆ ಬೇಕಾದದ್ದು ಡಿಕೋಡರ್ ಎಂಬ ಇನ್ನೊಂದು ಪೆಟ್ಟಿಗೆ. ಕರಿಯ ಡಬ್ಬಿಯಿಂದ ಬರುವ ಚಪ್ಪಟೆ ವೈರು ಅದರೊಳಕ್ಕೆ ಹೋಗಬೇಕು. ಅದು ಚಿತ್ರವನ್ನು ಟಿವಿಗೆ ಕಳಿಸಿ, ಸದ್ದನ್ನು ಬಿಡಿಸಿ ಆರು ಪಾಲು ಮಾಡಿ, ಆರು ದುಂಡು ತೂತುಗಳಿಂದ ಸ್ಪೀಕರಿಗೆ ಕೊಡಬೇಕು. ಪದ ಬಿಡಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತಿದ್ದೆನಲ್ಲ, ಅದೇ ಕೆಲಸ.

“ಅದು ಸ್ಟಾಕ್ ಇಲ್ಲ ಆಂಟಿ. ಯಾರೂ ಕೇಳಲ್ಲ.”

“ನಾನು ಕೇಳ್ತಾ ಇದೀನಲ್ಲ. ತರಿಸಿ.”

“ಲೇಟಾಗುತ್ತೆ.”

“ಶುಕ್ರವಾರದೊಳಗೆ ಬರಬೇಕು. ನೀವು ಫೋನ್ ಮಾಡಿ ತರಿಸೋವರೆಗೂ ನಾನು ಇಲ್ಲೇ ಕೂತಿರ್ತೀನಿ,” ಎಂದು ಅವನ ಎದುರಿಗಿದ್ದ ಸ್ಟೂಲಿನ ಮೇಲೆ ಕುಳಿತೆ. ನಲವತ್ತು ಹುಡುಗರ ಕ್ಲಾಸಿನಲ್ಲಿ ಸದ್ದಡಗುವವರೆಗೂ ಸುಮ್ಮನೆ ಕೂತು ಗೆದ್ದವಳು ನಾನು. ಇವನು ಒಬ್ಬನೇ ಇದ್ದ. ಫೋನ್ ಮಾಡಿದ.

ಶುಕ್ರವಾರ ಪೆಟ್ಟಿಗೆ ಬಂತು. ಶನಿವಾರ ತಿಂಡಿ ಮುಗಿಸಿ, ನಮ್ಮವರು ಮಂಡಿಗೆ ಹೋದಮೇಲೆ, ಹಾಲಿನ ನೆಲದ ಮೇಲೆ ಕೂತೆ. ಅಕ್ಕಯ್ಯ ತಮ್ಮ ಕುರ್ಚಿಯಿಂದಲೇ ವಿಚಾರಣೆ ನಡೆಸುತ್ತಿದ್ದರು.

“ಅದೇನ್ ಮಾಡ್ತಿದ್ದೀಯೆ, ಸುಮಿತ್ರ? ಮಂಡಿ ನೋಯಾಕಿಲ್ವಾ?”

“ನೋಯುತ್ತೆ ಅಕ್ಕಯ್ಯ.”

“ಮತ್ಯಾಕೆ?”

“ಸುಮ್ಮನೆ ಕೂತ್ರೂ ನೋಯುತ್ತಲ್ಲ.”

ವೈರು ಸಿಕ್ಕಿಸಿ ಸಿನಿಮಾ ಹಾಕಿದೆ. ಮತ್ತೆ ಎರಡೇ ಸ್ಪೀಕರು! ಕರಿಯ ಡಬ್ಬಿಯ ಸೆಟ್ಟಿಂಗಿನ ಒಳಗೆ, ಅದರೊಳಗಿನ ಒಳಗೆ ಹೋಗಿ ಹುಡುಕಿದೆ. ಸದ್ದು ಎಂಬಲ್ಲಿ ‘ಸ್ಟೀರಿಯೊ’ ಎಂದು ಗುರುತಾಗಿತ್ತು. ಅಂದರೆ ಡಬ್ಬಿ ಆರು ಪಾಲಿನ ಸದ್ದನ್ನು ತಾನೇ ಎರಡಕ್ಕೆ ಕುಗ್ಗಿಸಿ ಕಳಿಸುತ್ತಿತ್ತು, ಯಾರನ್ನೂ ಕೇಳದೆ. ಅದನ್ನು ‘ಸರೌಂಡ್’ ಎಂದು ಬದಲಿಸಿದೆ. ಹಾಲಿನ ತುಂಬ ಮಳೆ ಸುರಿಯಿತು. ಆದರೆ ಸಿನಿಮಾದ ನಾಯಕಿ ಬಾಯಿ ತೆರೆದಳೋ ಇಲ್ಲವೋ, ನೆಲದ ಮೇಲಿನ ದೊಡ್ಡ ಪೆಟ್ಟಿಗೆಯಿಂದ ‘ಗುಂವ್ ಗುಂವ್’ ಎಂದು ಗುಡುಗು ಬಂತು.

“ಅದ್ಯಾವ್ ಕ್ವಾಣ ಮಾತಾಡ್ತೈತೆ?” ಎಂದರು ಅಕ್ಕಯ್ಯ.

“ಹೀರೋಯಿನ್ನು ಅಕ್ಕಯ್ಯ.”

“ಪಾಪ, ನೆಗಡಿಯಾಗೈತೇನೋ.”

ಮಧ್ಯದ ಸ್ಪೀಕರಿನ ವೈರು, ದೊಡ್ಡ ಪೆಟ್ಟಿಗೆಯ ವೈರು ಅದಲುಬದಲಾಗಿದ್ದವು. ಮಾತೆಲ್ಲ ಬರಬೇಕಾದದ್ದು ಮಧ್ಯದ್ದರಿಂದ. ಅವನ್ನು ಕಿತ್ತು ಬದಲಿಸಿದೆ. ನಾಯಕಿಯ ನೆಗಡಿ ಹೋಯಿತು.

ಇನ್ನು ಉಳಿದದ್ದು ಕಷ್ಟದ ಭಾಗ. ಯಾವ ಸ್ಪೀಕರು ಎಲ್ಲಿಂದ ಮಾತಾಡುತ್ತಿದೆ ಎಂದು ಪರೀಕ್ಷಿಸಲು ಒಂದು ಧ್ವನಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡಿದ್ದೆ. ಒಬ್ಬ ಹೆಂಗಸು ಒಂದೊಂದೇ ಸ್ಪೀಕರಿನಿಂದ ಇಂಗ್ಲಿಷಿನಲ್ಲಿ ‘ಮುಂದೆ ಎಡ’, ‘ಮುಂದೆ ಬಲ’ ಎಂದು ಹೇಳುತ್ತಾಳೆ. ಹಾಕಿದೆ. ಅವಳು ಹೇಳಿದಳು. ನನಗೆ ಅವಳ ಮಾತೆಲ್ಲ ಸ್ಪಷ್ಟವಾಗಿ ಕೇಳಿಸಿತು. ಎಲ್ಲಿಂದ ಬಂತು ಎಂದು ಮಾತ್ರ ತಿಳಿಯಲಿಲ್ಲ. ಎಲ್ಲವೂ ನನ್ನ ಬಲಗಿವಿಯ ಪಕ್ಕದಿಂದಲೇ ಬಂದಂತಿತ್ತು. ಕುರ್ಚಿ ಬದಲಿಸಿದೆ, ತಲೆ ತಿರುಗಿಸಿದೆ, ಬಗ್ಗಿ ಒಂದೊಂದು ಸ್ಪೀಕರಿಗೂ ಕಿವಿಯಿಟ್ಟೆ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಅವಳು ಮುಂದಿನದಕ್ಕೆ ಹೋಗಿರುತ್ತಿದ್ದಳು. ನನ್ನ ಮನೆಯಲ್ಲಿ ನನ್ನ ಜೊತೆಯೇ ಅವಳು ಕಣ್ಣಾಮುಚ್ಚಾಲೆ ಆಡುತ್ತಿದ್ದಳು. ನೆಲದ ಮೇಲೆ ಕೂತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಕಣ್ಣು ತುಂಬಿತು.

“ಯಾಕವ್ವ ಸುಮ್ಕಾದೆ?” ಎಂದರು ಅಕ್ಕಯ್ಯ.

“ಎಲ್ಲಿಂದ ಬರ್ತಿದೆ ಅಂತ ನನಗೆ ಗೊತ್ತಾಗ್ತಿಲ್ಲ ಅಕ್ಕಯ್ಯ.”

“ಅಯ್, ಅಷ್ಟೇನಾ? ನಾನ್ ಯೋಳ್ತೀನಿ ಬುಡು. ಕಣ್ ಮುಚ್ಕಂಡ್ ಕೂತಿರೋಳ್ಗೆ ಇನ್ನೇನ್ ಕೆಲ್ಸ? ಇನ್ನೊಂದ್ ಕಿತ ಮಾತಾಡ್ಸು ಅವ್ಳನ್ನ.”

ಮತ್ತೆ ಹಾಕಿದೆ. ಕರಿಯ ಕನ್ನಡಕದ ಹಿಂದೆ ಕಣ್ಣು ಮುಚ್ಚಿ, ಅಕ್ಕಯ್ಯ ಕೈ ಎತ್ತಿದರು. ದನಿ ಬಂದ ಕಡೆಗೆ ಬೆರಳು ತೋರಿಸುತ್ತಾ ಹೋದರು. ಹಿಂದಿನ ಸ್ಪೀಕರಿನ ಸರದಿ ಬಂದಾಗ ಬೆರಳು ಎಡ ಭುಜದ ಮೇಲಿಂದ ಹಿಂದಕ್ಕೆ ತಿರುಗಿತು.

“ಕಂಡಕ್ಟ್ರಂಗೆ ರೈಟು ಅಂತಾವ್ಳೆ. ಆದ್ರೆ ಅವ್ಳು ನಿಂತಿರೋದು ಈ ಕಡೆ. ಇದು ಎಡ ಅಲ್ವೇನೆ?”

ಹಿಂದಿನ ಎರಡು ವೈರು ಅದಲುಬದಲು. ಸರಿಪಡಿಸಿದೆ. ಇನ್ನೊಂದು ಸುತ್ತು. ಈ ಸಲ ಹೆಂಗಸಿನ ಮಾತೂ ಅಕ್ಕಯ್ಯನ ಬೆರಳೂ ಆರಕ್ಕೆ ಆರೂ ಹೊಂದಿದವು.

“ಸರಿ ಬಂತು ಅಕ್ಕಯ್ಯ,” ಎಂದೆ.

ಅವರು ಬೆರಳು ಇಳಿಸಿದರು. “ಸರಿ ಬಂದದ್ದು ನಂಗೆ ತಿಳೀತು. ನಿಂಗೆ ತಿಳೀಲಿಲ್ವಲ್ಲ. ಮತ್ಯಾರ್‌ಗೋಸ್ಕರ ಇಷ್ಟೆಲ್ಲಾ ಒದ್ದಾಡ್ದೆ?”

ಅದನ್ನು ನಾನು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ನನಗೆ ತಿಳಿಯಲ್ಲ ಅಂತ ಅದು ತಪ್ಪಾಗಿ ಬರಬಾರದು ಅಕ್ಕಯ್ಯ. ನನ್ನ ಮನೆಯಲ್ಲಿ ಅದು ಸರಿಯಾಗೇ ಬರಬೇಕು.”

“ಅದು ಮಾತು,” ಎಂದರು. ಆಮೇಲೆ, “ಮಳೆ ಬತ್ತಿತ್ತಲ್ಲ, ಅದನ್ನ ಆಕು. ನಮ್ ತ್ವಾಟದಾಗೆ ಕುಂತಂಗಿತ್ತು,” ಎಂದರು. ಆ ಮಧ್ಯಾಹ್ನವೆಲ್ಲ ನಾನು ಚಿತ್ರ ನೋಡಿ ಹೇಳುತ್ತಿದ್ದೆ, ಅವರು ಸದ್ದು ಕೇಳಿ ಹೇಳುತ್ತಿದ್ದರು. “ಈಗ ಹಿಂದ್ಗಡೆ ಗೇಟ್ ತೆಗುದ್ರು ಕಣೆ.” “ಬಂದದ್ದು ಅವಳ ಅಣ್ಣ ಅಕ್ಕಯ್ಯ, ಕೊಡೆ ಹಿಡಿದಿದಾನೆ.” ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಪ್ರೇಕ್ಷಕಿ. ಅಕ್ಕಯ್ಯ ಹೇಳಿದ ಜಾಗದಲ್ಲೆಲ್ಲ ನನಗೂ ಸದ್ದು ಇದ್ದಂತೆ ಅನಿಸತೊಡಗಿತು. ಅಂಗಡಿಯವನಿಗೆ ಅನ್ಸೋದು ಬೇಡ ಎಂದಿದ್ದೆ. ಈ ಅನಿಸಿಕೆಯನ್ನು ಮಾತ್ರ ಬೇಡ ಎನ್ನಲಿಲ್ಲ.

ಭಾನುವಾರ ಊಟವಾದ ಮೇಲೆ ನಮ್ಮವರು ಹಾಲಿಗೆ ಬಂದು ವೈರುಗಳ ರಾಶಿ ನೋಡಿದರು. “ಗುಜ್ರಿಯವನು ಇನ್ನೇನ್ ಬತ್ತಾನೆ. ಎಲ್ಲಾನೂ ಬಿಚ್ಚಿಡು,” ಎಂದರು.

“ಲೇ ರಂಗ, ಬಾರ್ಲಾ ಇಲ್ಲಿ. ಈ ಕುರ್ಚಿ ಮ್ಯಾಲೆ ಕುಂತ್ಕ,” ಎಂದರು ಅಕ್ಕಯ್ಯ, ಮಧ್ಯದ ಕುರ್ಚಿ ಬಿಟ್ಟು ಎದ್ದು.

“ಅಕ್ಕಯ್ಯ, ನಂಗೆ ಕೆಲ್ಸ ಐತೆ—”

“ಕುಂತ್ಕ ಅಂದೆ.”

ಕೂತರು. ನಾನು ನಿನ್ನೆಯ ಸಿನಿಮಾವನ್ನೇ ಹಾಕಿದೆ. ಅದರ ಹೆಸರು ಈಗಲೂ ನನಗೆ ಗೊತ್ತಿಲ್ಲ. ಬೇರೆ ಭಾಷೆಯದು, ಕನ್ನಡಕ್ಕೆ ಡಬ್ ಮಾಡಿದ್ದು. ಮಳೆ ಶುರುವಾಯಿತು. ಮುಂದೆ ಹೆಂಚಿನ ಮೇಲೆ, ಹಿಂದೆ ಬಾಳೆ ಎಲೆಯ ಮೇಲೆ. ನಮ್ಮವರು ಕೈ ಕಟ್ಟಿಕೊಂಡು ಕೂತಿದ್ದರು, ಮುಖದಲ್ಲಿ ಏನೂ ಇಲ್ಲ. ಆಗ ಸಿನಿಮಾದಲ್ಲಿ ಯಾರೋ ಹಿತ್ತಲ ಬಾಗಿಲು ತಟ್ಟಿದರು.

“ಯಾರದು?” ಎನ್ನುತ್ತಾ ನಮ್ಮವರು ಧಡಕ್ಕನೆ ಎದ್ದರು. ಪಂಚೆ ಎತ್ತಿ ಕಟ್ಟಿಕೊಂಡು ಹಿಂದಿನ ಬಾಗಿಲಿಗೆ ಹೋಗಿ, ಚಿಲಕ ತೆಗೆದು, ಹಿತ್ತಲಿನಲ್ಲಿ ಸುಡುತ್ತಿದ್ದ ಬಿಸಿಲನ್ನು ನೋಡಿಕೊಂಡು ನಿಂತರು. ಅಕ್ಕಯ್ಯ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಮ್ಮವರು ತಿರುಗಿ ಬಂದು, ಏನೂ ಆಗದವರಂತೆ ಕೂತರು. ಸ್ವಲ್ಪ ಹೊತ್ತಿಗೆ ಕಟ್ಟಿದ ಕೈ ಬಿಚ್ಚಿತು. ಇನ್ನೂ ಸ್ವಲ್ಪ ಹೊತ್ತಿಗೆ, “ಆ ಕಪ್ಪೆ ಎಲ್ಲೈತೆ, ಈ ಮೂಲೇಲಾ?” ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಕಾಯಿ ಅಲ್ಲಾಡಿಸಿ ನೋಡುವಾಗಿನ ಮುಖ ಬಂದಿತ್ತು.

ಅಷ್ಟರಲ್ಲಿ ಮತ್ತೆ ಬಾಗಿಲು ತಟ್ಟಿದ ಸದ್ದು. ಒಮ್ಮೆ, ಎರಡು ಸಲ, ಜೋರಾಗಿ ಇನ್ನೊಮ್ಮೆ.

ಅಕ್ಕಯ್ಯ ಕತ್ತೆತ್ತಿದರು. “ರಂಗ, ಯಾರೋ ಬಂದಂಗೈತೆ.”

“ಸ್ಪೀಕ್ರು ಕಣಕ್ಕಯ್ಯ, ಸುಮ್ಕಿರು. ಒಂದ್ ಕಿತ ಮೋಸ ಓದೆ, ಇನ್ನೊಂದ್ ಕಿತ ಓಯ್ತೀನಾ?” ಎಂದು ನಮ್ಮವರು ಕಾಲು ಚಾಚಿದರು.

ನನಗೆ ದಿಕ್ಕು ತಿಳಿಯುವುದಿಲ್ಲ, ನಿಜ. ಆದರೆ ಕಣ್ಣು ಪರದೆಯ ಮೇಲಿತ್ತು. ಸಿನಿಮಾದಲ್ಲಿ ಆಗ ನಾಯಕಿ ಕೆರೆ ಏರಿಯ ಮೇಲೆ ಒಬ್ಬಳೇ ನಡೆಯುತ್ತಿದ್ದಳು. ಸುತ್ತ ಎಲ್ಲೂ ಒಂದು ಮನೆಯಿರಲಿಲ್ಲ, ಒಂದು ಬಾಗಿಲಿರಲಿಲ್ಲ. ನಾನು ಸೋಫಾದಲ್ಲಿ ಇನ್ನೂ ಸ್ವಲ್ಪ ಹಿಂದಕ್ಕೆ ಒರಗಿದೆ.

ಸಿನಿಮಾ ಮುಗಿದು, ಕಾಫಿ ಕುಡಿಯುವಾಗ ನಮ್ಮವರಿಗೆ ಫೋನು ಬಂತು. ಗುಜರಿಯವನು. ಅವನ ದನಿ ಆಚೆಗೂ ಕೇಳುವಷ್ಟು ದೊಡ್ಡದು. “ಬಂದಿದ್ದೆ ಸಾ, ಬಾಗ್ಲು ಬಡ್ದೂ ಬಡ್ದೂ ಸಾಕಾಯ್ತು. ಒಳಗೆ ಮಳೆ ಉಯ್ತಿತ್ತು, ಯಾರೂ ತೆಗೀನಿಲ್ಲ. ಒಂಟೋದೆ ಸಾ.”

ನಮ್ಮವರು ಫೋನು ಇಟ್ಟರು. ಸ್ಪೀಕರುಗಳ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು.

“ಅವ್ನು ಬಾಗ್ಲು ಬಡುದ್ದು ನಿಂಗ್ ಕೇಳುಸ್ತಾ?”

“ಕೇಳಿಸ್ತು.”

“ಮತ್ತೆ ಯೋಳ್ಬಾರ್ದಾಗಿತ್ತಾ?”

“ನೀವು ಕೇಳಲಿಲ್ಲ,” ಎಂದೆ.